ಆಲೂರರು ನಮಗೆ ಬಿಟ್ಟುಹೋದ ಆಸ್ತಿ
(ಸಂಘದ ಸಂಸ್ಥಾಪನಾ ದಿನದಂದು ಮಾಡಿದ ಭಾಷಣ)



ಈ ಮರಳುನಾಡಿನಲ್ಲಿ ನಾವೆಲ್ಲ ಒಂದೇ ಸೂರಿನಡಿ ಸೇರಿದ್ದೇವೆ. ನಮ್ಮಲ್ಲಿ ಧಾರವಾಡದವರಿದ್ದೇವೆ, ಬೀದರಿನವರಿದ್ದೇವೆ, ಮಂಡ್ಯ ಮಡಿಕೇರಿಗಳವರಿದ್ದೇವೆ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಉರ್ದು ಮಾತನಾಡುವವರೂ ಇದ್ದೇವೆ. ಆದರೂ ಯಾರಾದರೂ ಕೇಳಿದರೆ "ಕರ್ನಾಟಕದವರು" ಎಂದು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಈ ಒಂದು ಮಾತು ನಮ್ಮ ಬಾಯಿಗೆ ಸುಲಭವಾಗಿ ಬರುವಂತೆ ಮಾಡಿದವರಲ್ಲಿ ಪ್ರಮುಖರು ಆಲೂರ ವೆಂಕಟರಾಯರು. ಅವರನ್ನು ನೆನೆಯದೆ ಕನ್ನಡ ಸಂಘದ ಹಬ್ಬ ಪೂರ್ಣವಾಗದು.

ಆಲೂರರು ಹುಟ್ಟಿದ್ದು 1880ರ ಜುಲೈ 12ರಂದು, ಬಿಜಾಪುರದಲ್ಲಿ. ಆಗ 'ಕರ್ನಾಟಕ' ಎಂಬ ರಾಜ್ಯ ಭೂಪಟದಲ್ಲೆಲ್ಲೂ ಇರಲಿಲ್ಲ. ಕನ್ನಡಿಗರು ಮುಂಬಯಿ ಪ್ರಾಂತ, ಮದರಾಸು ಪ್ರಾಂತ, ನಿಜಾಮರ ಹೈದರಾಬಾದು, ಮೈಸೂರು ಸಂಸ್ಥಾನ, ಕೊಡಗು ಎಂದು ಹಂಚಿಹೋಗಿದ್ದರು. ಇವುಗಳ ನಡುವೆ ಚಿಕ್ಕಪುಟ್ಟ ಸಂಸ್ಥಾನಗಳು ಬೇರೆ. ಬಂಗಾಳವನ್ನು ಎರಡಾಗಿ ಒಡೆದಾಗ, 1905ರಲ್ಲಿ, ದೇಶವೇ ಸಿಡಿದೆದ್ದಿತು. ಕನ್ನಡನಾಡು ಅದಕ್ಕೂ ಹೆಚ್ಚು ಚೂರಾಗಿತ್ತು; ಅಳುವವರೇ ಇರಲಿಲ್ಲ. ಏಕೆಂದರೆ ತಾವೆಲ್ಲ ಒಂದೇ ಮನೆಯವರೆಂಬುದೇ ಬಹುಮಂದಿಗೆ ಮರೆತುಹೋಗಿತ್ತು.

ಆಲೂರರು ಪುಣೆಯಲ್ಲಿ ಓದಿದರು, ಕಾನೂನು ಪದವಿ ಪಡೆದರು, ಧಾರವಾಡದಲ್ಲಿ ವಕೀಲಿ ಹಿಡಿದರು. ಪುಣೆಯಲ್ಲಿ ಮರಾಠಿಗರು ತಮ್ಮ ಇತಿಹಾಸದ ಬಗೆಗೆ ಹೊಂದಿದ್ದ ಅಭಿಮಾನ ಎಂಥದೆಂಬುದನ್ನು ಕಣ್ಣಾರೆ ಕಂಡಿದ್ದರು. ಮುಂದೆ ಹಂಪಿಯ ಹಾಳುಗಳ ನಡುವೆ ನಿಂತಾಗ ಅವರ ಬಾಳಿನ ದಾರಿ ನಿಶ್ಚಯವಾಯಿತು. ವಕೀಲಿ ಹಿಂದೆ ಬಿತ್ತು, ನಾಡಿನ ಕೆಲಸ ಮುಂದೆ ಬಂತು.

1917ರಲ್ಲಿ ಅವರ 'ಕರ್ನಾಟಕ ಗತವೈಭವ' ಹೊರಬಂದಿತು. ಚಾಲುಕ್ಯರು, ರಾಷ್ಟ್ರಕೂಟರು, ಹೊಯ್ಸಳರು, ವಿಜಯನಗರದವರು ಎಲ್ಲರ ಕಥೆಯನ್ನೂ ಒಂದೇ ಜನತೆಯ ಕಥೆಯಾಗಿ ಹೆಣೆದದ್ದು ಅದರ ಹೆಚ್ಚುಗಾರಿಕೆ. ಉತ್ತರದ ಹರ್ಷನನ್ನು ತಡೆದ ಪುಲಿಕೇಶಿ ಬಾದಾಮಿಯವನು, ಎಲ್ಲೋರದ ಕೈಲಾಸ ದೇವಾಲಯ ಕಡೆಸಿದವರು ರಾಷ್ಟ್ರಕೂಟರು ಎಂದು ತಿಳಿದಾಗ ಓದುಗನ ಬೆನ್ನು ನೆಟ್ಟಗಾಗುತ್ತಿತ್ತು. 1922ರಲ್ಲಿ ಅವರು 'ಜಯ ಕರ್ನಾಟಕ' ಪತ್ರಿಕೆಯನ್ನೂ ಆರಂಭಿಸಿದರು. ಏಕೀಕರಣದ ಕೂಗು ಊರೂರಿಗೆ ಹಬ್ಬಿತು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿ ಕಾಂಗ್ರೆಸ್ ನಡೆದಾಗ ಅಲ್ಲಿಯೇ ಏಕೀಕರಣ ಪರಿಷತ್ತೂ ಸೇರಿತು. 1930ರಲ್ಲಿ ಮೈಸೂರಿನ ಸಾಹಿತ್ಯ ಸಮ್ಮೇಳನಕ್ಕೆ ಆಲೂರರೇ ಅಧ್ಯಕ್ಷರು.

ಒಂದು ಮಾತನ್ನು ಮುಚ್ಚಿಡಬೇಕಾಗಿಲ್ಲ. 'ಗತವೈಭವ' ಹೆಚ್ಚಾಗಿ ಅರಸರ, ಗೆಲುವುಗಳ ಕಥೆ. ಹೊಲ ಉತ್ತವರು, ಕಲ್ಲು ಕಡೆದವರು, ಹೆಣ್ಣುಮಕ್ಕಳು ಅಲ್ಲಿ ಹಿಂದೆ ನಿಲ್ಲುತ್ತಾರೆ. ಮುಂದಿನ ವಿದ್ವಾಂಸರು ಅದನ್ನು ತಿದ್ದಿ ಬೆಳೆಸಿದ್ದಾರೆ. ಆದರೆ ಮಲಗಿದವರನ್ನು ಎಬ್ಬಿಸುವವನು ಮೊದಲು ಗಟ್ಟಿಯಾಗಿ ಕೂಗಲೇಬೇಕಲ್ಲವೇ? ಅಲ್ಲದೆ ಅವರ ಕೂಗಿನಲ್ಲಿ ನೆರೆಯವರ ಮೇಲೆ ಹಗೆಯಿರಲಿಲ್ಲ. ತಿಲಕರ ಮರಾಠಿ 'ಗೀತಾರಹಸ್ಯ'ವನ್ನು ಕನ್ನಡಕ್ಕೆ ತಂದವರೂ ಅವರೇ. ಕರ್ನಾಟಕತ್ವವು ಭಾರತೀಯತೆಯ ಒಂದು ಅಂಗವೆಂದೇ ಅವರು ನಂಬಿದ್ದರು.

1956ರ ನವೆಂಬರ್ 1ರಂದು ರಾಜ್ಯ ಒಂದಾದಾಗ ಆಲೂರರಿಗೆ 76 ವರ್ಷ. ಹಂಪಿಯ ವಿರೂಪಾಕ್ಷ ದೇವಾಲಯಕ್ಕೆ ಹೋಗಿ ತಾಯಿ ಭುವನೇಶ್ವರಿಗೆ ಪೂಜೆ ಸಲ್ಲಿಸಿದರು. 1964ರ ಫೆಬ್ರವರಿ 25ರಂದು ತೀರಿಕೊಂಡರು. ರಾಜ್ಯಕ್ಕೆ 'ಕರ್ನಾಟಕ' ಎಂಬ ಹೆಸರು ಬಂದದ್ದು 1973ರಲ್ಲಿ. ಅದನ್ನು ಕೇಳಲು ಅವರಿರಲಿಲ್ಲ.

ಬಂಧುಗಳೇ, ಅಂದು ನಮ್ಮನ್ನು ಒಡೆದವರು ಪರರು. ಇಂದು ಊರು ಬಿಟ್ಟು ಬಂದ ನಾವೇ ಜಿಲ್ಲೆಗೊಂದು, ಜಾತಿಗೊಂದು ಕೂಟ ಕಟ್ಟಿಕೊಳ್ಳುತ್ತಿದ್ದೇವೆ. ಆ ಕೂಟಗಳು ಬೇಡವೆಂದಲ್ಲ. ಕಷ್ಟಕ್ಕೆ ಮೊದಲು ಒದಗುವವರು ಅವರೇ. ಆದರೆ ರಾಜ್ಯೋತ್ಸವಕ್ಕೂ ನಾವು ಬೇರೆ ಬೇರೆ ಚಪ್ಪರ ಹಾಕಿದರೆ, ಐದು ಚೂರುಗಳನ್ನು ಜೋಡಿಸಿದವರ ದುಡಿಮೆಗೆ ಏನು ಬೆಲೆ ಕೊಟ್ಟಂತಾಯಿತು? ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಈ ಕಥೆ ಯಾರೂ ಹೇಳುವುದಿಲ್ಲ. ಹೇಳಬೇಕಾದವರು ನಾವೇ, ನಮ್ಮ ಮನೆಯ ಊಟದ ಹೊತ್ತಿನಲ್ಲಿ. ಅವರ ಪಾಲಿಗೆ ಬಾದಾಮಿ ಬೀದರಿನ ಮಗುವಿನದೂ ಆಗಲಿ, ಉಳ್ಳಾಲದ ಅಬ್ಬಕ್ಕ ಧಾರವಾಡದ ಮಗುವಿನವಳೂ ಆಗಲಿ. ಆಲೂರರು ಬಿಟ್ಟುಹೋದ ಆಸ್ತಿ ಅದೇ. ಪಾಲು ಮಾಡದೆ ಉಳಿಸಿಕೊಳ್ಳೋಣ.