ಮೂರ್ಛೆ ರೋಗ: ಮುಚ್ಚಿಡುವುದು ಸಬ್ರ್ ಅಲ್ಲ



ಮೂರ್ಛೆ ರೋಗವಿದ್ದ ಮಹಿಳೆಯೊಬ್ಬರು ಪ್ರವಾದಿ(ಸ)ರ ಬಳಿ ಬಂದ ಪ್ರಸಂಗ ಬುಖಾರಿಯಲ್ಲಿದೆ. ಸಹನೆಗೆ ಸ್ವರ್ಗವಿದೆ ಎಂದಾಗ ಆಕೆ ಸಹನೆಯನ್ನೇ ಆರಿಸಿಕೊಂಡರು. ಮೂರ್ಛೆ ಬಂದಾಗ ಮೈಮೇಲಿನ ಬಟ್ಟೆ ಸರಿಯದಿರಲೆಂದು ಮಾತ್ರ ದುಆ ಕೇಳಿದರು. ಆದರೆ ಆಕೆ ರೋಗವನ್ನು ಮುಚ್ಚಿಡಲಿಲ್ಲ. ಚಿಕಿತ್ಸೆ ಮಾಡಿಸಿರೆಂದು ಕಲಿಸಿದವರೂ ಪ್ರವಾದಿ(ಸ)ರೇ.

ರೋಣ, ನರಗುಂದ, ಗಜೇಂದ್ರಗಡದ ನಮ್ಮ ಮನೆಗಳಲ್ಲಿ ಏನಾಗುತ್ತಿದೆ? ಮಗಳ ಮದುವೆಗೆ ಅಡ್ಡಿಯಾದೀತೆಂದು ಫಿಟ್ಸ್ ಮುಚ್ಚಿಡುತ್ತೇವೆ. ತಾಯತ ಕಟ್ಟಿ ಗುಳಿಗೆ ನಿಲ್ಲಿಸುತ್ತೇವೆ. ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ.

ಸರಿಯಾದ ಎರಡು ಔಷಧಿಗಳನ್ನು ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡರೂ ಫಿಟ್ಸ್ ನಿಲ್ಲದಿದ್ದರೆ ಅದು ಔಷಧಿಗೆ ಬಗ್ಗದ ಮೂರ್ಛೆ ರೋಗ. ಸುಮಾರು ಮೂವರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಆಗ ಹೊಲ ಮಾರಿ ವಿದೇಶಕ್ಕೆ ಹೊರಡುವ ಮೊದಲು ಬೆಂಗಳೂರಿನ ನಿಮ್ಹಾನ್ಸ್‌ಗೋ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಗೋ ಹೋಗೋಣ. ವಿಡಿಯೋ ಇಇಜಿ, ಎಂಆರ್‌ಐ ಮಾಡಿ, ಶಸ್ತ್ರಚಿಕಿತ್ಸೆ ಸಾಧ್ಯವೇ ಎಂದು ಅಲ್ಲಿ ನೋಡುತ್ತಾರೆ. ಶ್ರೀ ಚಿತ್ರಾದಲ್ಲಿ 1995ರಿಂದಲೇ ಈ ಶಸ್ತ್ರಚಿಕಿತ್ಸೆ ನಡೆಯುತ್ತಿದೆ.

ಬಡ ಕುಟುಂಬದ ಪ್ರಯಾಣಕ್ಕೆ ನಮ್ಮ ಝಕಾತ್ ನೆರವಾಗಲಿ. ಆ ಮಹಿಳೆ ಕೇಳಿದ್ದು ಮಾನ; ರೋಗಿಯ ಮಾನ ಕಾಯುವುದು ನೆರೆಹೊರೆಯವರಾದ ನಮ್ಮ ಹೊಣೆ. ಅಲ್ಲಾಹನು ಎಲ್ಲ ರೋಗಿಗಳಿಗೂ ಶಿಫಾ ಕರುಣಿಸಲಿ, ಆಮೀನ್.