ಗರ್ಭಕೋಶದ ಗಡ್ಡೆಯೂ ಮನೆಯ ಊಟವೂ



ಈ ಹೊತ್ತು ಗೊಬ್ಬರದ ಮಾತಿಲ್ಲ, ಬೀಜದ ಮಾತಿಲ್ಲ. ಹೆಂಗಸರ ಗರ್ಭಕೋಶದಲ್ಲಿ ಬೆಳೆಯುವ ಗಡ್ಡೆಯ ಮಾತು. ಬೇಸಾಯದ ಡಿಪ್ಲೊಮಾ ಓದಿದವನಿಗೆ ಈ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಕಾರಣ ಹೇಳುತ್ತೇನೆ. ಗಂಡಸರೂ ಎದ್ದು ಹೋಗಬೇಡಿ, ನಿಮಗೂ ಇದರಲ್ಲಿ ಪಾಲುಂಟು.

ಹೋದ ಮುಂಗಾರಿನಲ್ಲಿ ತುಮಕೂರು ಸೀಮೆಯ ಒಂದು ಹಳ್ಳಿಗೆ ರಾಗಿ ಹೊಲ ನೋಡಲು ಹೋಗಿದ್ದೆ. ಕಳೆ ಕೀಳುತ್ತಿದ್ದ ಆ ಮನೆಯ ಸೊಸೆ ಎರಡು ಸಾಲು ಮುಗಿಸುವಷ್ಟರಲ್ಲಿ ಬದುವಿನ ಮೇಲೆ ಕೂತುಬಿಟ್ಟರು. ಮುಖ ಬಿಳಿಚಿಕೊಂಡಿತ್ತು, ಏದುಸಿರು ಬರುತ್ತಿತ್ತು. ಅವರ ಅತ್ತೆ ಹೇಳಿದರು: “ಗರ್ಭಕೋಸದಾಗೆ ಗಡ್ಡೆ ಐತಂತೆ ಸ್ವಾಮಿ. ತಿಂಗಳು ತಿಂಗಳೂ ಹತ್ತು ದಿನ ರಕ್ತ ಹೋಗ್ತದೆ. ಸಂತೇಲಿ ಔಷಧಿ ಮಾರೋನು, ಗಡ್ಡೆ ಕರಗಬೇಕಾದ್ರೆ ಉಷ್ಣದ ಪದಾರ್ಥ ಮುಟ್ಟಬೇಡ ಅಂದವ್ನೆ. ಹುರುಳಿ ಬಿಟ್ಟಳು, ನುಗ್ಗೆಸೊಪ್ಪು ಬಿಟ್ಟಳು, ಮೊಟ್ಟೆ ಬಿಟ್ಟಳು.”

ಇನ್ನು ಉಳಿದದ್ದೇನು? ಅನ್ನ, ತಿಳಿಸಾರು, ಮೂರು ಹೊತ್ತು ಕಾಫಿ. ತೂಬು ಸೋರುತ್ತಿರುವ ಕೆರೆಗೆ ಬರುವ ಹಳ್ಳವನ್ನೂ ಬೇರೆ ಕಡೆಗೆ ತಿರುಗಿಸಿದ ಹಾಗಾಯಿತು.

ಈ ಗಡ್ಡೆಗೆ ವೈದ್ಯರು ಫೈಬ್ರಾಯ್ಡ್ ಎನ್ನುತ್ತಾರೆ. ಗರ್ಭಕೋಶದ ಗೋಡೆಯ ಸ್ನಾಯುವೇ ಗಂಟುಕಟ್ಟಿ ಬೆಳೆದದ್ದು. ಅವರೆಕಾಳಿನಷ್ಟಿರಬಹುದು, ತೆಂಗಿನಕಾಯಿಯಷ್ಟೂ ಆಗಬಹುದು. ಇದು ಕ್ಯಾನ್ಸರ್ ಅಲ್ಲ. ಎಷ್ಟೋ ಮಂದಿಗೆ ಇರುವುದೇ ಗೊತ್ತಾಗುವುದಿಲ್ಲ. ಹೆಣ್ಣಿನ ಮೈಯಲ್ಲಿರುವ ಹಾರ್ಮೋನುಗಳಿಂದ ಬೆಳೆಯುತ್ತದೆ. ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಕುಗ್ಗುತ್ತದೆ.

ಊಟದಿಂದ ಕರಗುತ್ತದೆಯೆ? ಇಂಥದ್ದನ್ನು ತಿಂದರೆ ಗಡ್ಡೆ ಕರಗಿ ಹೋಗುತ್ತದೆ ಎನ್ನುವಂಥ ಆಹಾರ ಯಾವುದೂ ರುಜುವಾತಾಗಿಲ್ಲ. ಹಾಗೆಂದು ಸಂಬಂಧವೇ ಇಲ್ಲವೆಂದಲ್ಲ. 1999ರಲ್ಲಿ ಪ್ರಕಟವಾದ ಇಟಲಿ ದೇಶದ ಒಂದು ಅಧ್ಯಯನದಲ್ಲಿ, ಹಸಿರು ತರಕಾರಿ, ಹಣ್ಣು, ಮೀನು ಹೆಚ್ಚಾಗಿ ತಿನ್ನುವವರಲ್ಲಿ ಗಡ್ಡೆ ಕಡಿಮೆ ಕಂಡಿತು. 2013ರಲ್ಲಿ ಅಮೆರಿಕದವರು ನೋಡಿದಾಗ, ಮೈಯಲ್ಲಿ ವಿಟಮಿನ್ ಡಿ ಸಾಕಷ್ಟಿದ್ದವರಿಗೆ ಗಡ್ಡೆಯ ಸಾಧ್ಯತೆ ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆಯಿತ್ತು. ಇವೆಲ್ಲ ಜೊತೆಯಲ್ಲಿ ಕಂಡುಬಂದ ಸಂಗತಿಗಳು. ಅದರಿಂದಲೇ ಇದಾಯಿತು ಎನ್ನುವ ಹಾಗಿಲ್ಲ. ಪ್ರಾತ್ಯಕ್ಷಿಕೆಯ ತಾಕಿನಲ್ಲಿ ನಾವು ಒಂದು ಪಕ್ಕ ಗೊಬ್ಬರ ಹಾಕಿ, ಇನ್ನೊಂದು ಪಕ್ಕ ಹಾಕದೆ ಬಿಟ್ಟು ತೂಗಿ ನೋಡುತ್ತೇವಲ್ಲ, ಆ ಬಗೆಯ ಪರೀಕ್ಷೆ ಇದರಲ್ಲಿ ಇನ್ನೂ ಸಾಲದು.

ಆದರೆ ಹೋದ ರಕ್ತವನ್ನು ತುಂಬಿಕೊಳ್ಳುವುದಕ್ಕೆ ಊಟ ಬೇಕೇ ಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರ ಪೈಕಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಇದರ ಮೇಲೆ ಗಡ್ಡೆಯೂ ಸೇರಿದರೆ ಕೇಳಬೇಕೆ?

ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣದ ಅಂಶ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಗೊತ್ತುಮಾಡಿದೆ. ನೂರು ಗ್ರಾಂ ರಾಗಿಯಲ್ಲಿ ಸುಣ್ಣದ ಅಂಶ 350 ಮಿಲಿಗ್ರಾಮಿನಷ್ಟು ಧಾರಾಳವಾಗಿದೆ, ಕಬ್ಬಿಣ ಮಾತ್ರ ನಾಲ್ಕೈದೇ. ಹುರುಳಿಯಲ್ಲಿ ಏಳೆಂಟು. ಬೀಟ್‌ರೂಟ್ ಕೆಂಪಗಿರುವುದರಿಂದ ರಕ್ತವಾಗುತ್ತದೆ ಎನ್ನುತ್ತಾರೆ, ಅದರಲ್ಲಿರುವುದು ಒಂದು ಮಿಲಿಗ್ರಾಮಿನ ಆಸುಪಾಸು! ಮುದ್ದೆಯ ಜೊತೆಗೆ ಮೊಳಕೆ ಕಟ್ಟಿದ ಹುರುಳಿಯ ಸಾರು, ಇಲ್ಲವೆ ಸೊಪ್ಪಿನ ಬಸ್ಸಾರು ಮಾಡಿ. ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳಿ. ಹುಳಿಯಿದ್ದರೆ ಸೊಪ್ಪು ಕಾಳುಗಳ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಸೀಬೆಹಣ್ಣು, ನೆಲ್ಲಿಕಾಯಿಯೂ ಆದೀತು. ಕಾಫಿ, ಟೀ ಅದನ್ನು ಹತ್ತಗೊಡುವುದಿಲ್ಲ. ಊಟಕ್ಕೂ ಅವಕ್ಕೂ ಒಂದು ಗಂಟೆ ಅಂತರವಿರಲಿ. ಮಾಂಸ ತಿನ್ನುವ ಮನೆಯಾದರೆ ಆ ಕಬ್ಬಿಣ ಇನ್ನೂ ಸುಲಭವಾಗಿ ಹತ್ತುತ್ತದೆ.

ಈಗ ಯಜಮಾನರಿಗೆ ಒಂದು ಮಾತು. ಬಸಿದ ಸೊಪ್ಪು, ಕಾಳು ಎಲ್ಲವೂ ಮೊದಲು ಕೂತವರ ತಟ್ಟೆಗೇ ಹೋಗಿ, ಕಡೆಗೆ ಉಣ್ಣುವ ಹೆಂಗಸಿಗೆ ಬರೀ ತಿಳಿ ಉಳಿಯುತ್ತದೆ. ನಮ್ಮ ಮನೆಯಲ್ಲೂ ಹೀಗೇ ನಡೆಯುತ್ತಿತ್ತು, ನಾನು ಕಣ್ಣೆತ್ತಿ ನೋಡಿರಲಿಲ್ಲ. ಪಾತ್ರೆಯಲ್ಲಿ ಅವರ ಪಾಲನ್ನು ಮೊದಲೇ ತೆಗೆದಿಡಿ.

ಬಚ್ಚಲ ನೀರು ಹರಿಯುವ ಕಡೆ ಮೂರಡಿ ಉದ್ದದ, ಬಲಿತ ನುಗ್ಗೆಕೊಂಬೆ ನೆಡಿ. ಸ್ವಲ್ಪ ದೂರದಲ್ಲಿ ಎರಡು ಮಡಿ ದಂಟು ಹಾಕಿ, ಅದಕ್ಕೆ ಒಳ್ಳೆ ನೀರೇ ಕೊಡಿ. ಹದಿನೈದು ದಿನ ಬಿಟ್ಟು ಬಿಟ್ಟು ಬಿತ್ತಿದರೆ ಸೊಪ್ಪಿಗೆ ತತ್ವಾರವಿಲ್ಲ.

ರಕ್ತ ತೀರ ಇಳಿದ ಮೇಲೆ ಸೊಪ್ಪೊಂದರಿಂದಲೇ ಏರುವುದಿಲ್ಲ, ವೈದ್ಯರು ಕೊಡುವ ಕಬ್ಬಿಣದ ಮಾತ್ರೆ ಬೇಕು. ಮುಟ್ಟು ಏಳು ದಿನ ಮೀರಿದರೆ, ಗಂಟೆಗೊಂದು ಸಲ ಬಟ್ಟೆ ಬದಲಿಸಬೇಕಾದರೆ, ಹೆಪ್ಪುಹೆಪ್ಪಾಗಿ ಹೋದರೆ ನಾಚಿಕೆ ಬಿಟ್ಟು ಆಸ್ಪತ್ರೆಗೆ ಹೋಗತಕ್ಕದ್ದು. ಮುಟ್ಟು ನಿಂತುಹೋದವರಿಗೆ ಮತ್ತೆ ರಕ್ತ ಕಂಡರಂತೂ ತಡಮಾಡಲೇಬಾರದು. ಗರ್ಭಕೋಶವನ್ನೇ ತೆಗೆಸಿಬಿಡಿ ಎಂದು ಯಾರಾದರೂ ಅವಸರ ಮಾಡಿದರೆ, ಬೇರೆ ದಾರಿಯಿದೆಯೇ ಎಂದು ಕೇಳಿ, ಇನ್ನೊಬ್ಬ ವೈದ್ಯರನ್ನೂ ಕಾಣಿ. ಅನಾವಶ್ಯಕವಾಗಿ ತೆಗೆಯುವುದನ್ನು ತಡೆಯಲು ಕೇಂದ್ರ ಸರ್ಕಾರ 2022ರಲ್ಲಿ ಮಾರ್ಗಸೂಚಿ ಮಾಡಿತು. ಅದನ್ನು ಜಾರಿಗೆ ತರಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳಿಗೆ ಹೇಳಿತು.

ಆ ಸೊಸೆ ತಾಲ್ಲೂಕು ಆಸ್ಪತ್ರೆಗೆ ಹೋದರು. ಹನ್ನೆರಡು ಗ್ರಾಂ ಇರಬೇಕಾದ ರಕ್ತ ಏಳೇ ಇತ್ತಂತೆ. ಕಬ್ಬಿಣದ ಮಾತ್ರೆಯನ್ನೂ ಸ್ರಾವ ತಗ್ಗಿಸುವ ಔಷಧಿಯನ್ನೂ ಕೊಟ್ಟರು. ರಾಗಿ ಕೊಯ್ಲಿಗೆ ನಾನು ಹೋದಾಗ ಹತ್ತಕ್ಕೆ ಏರಿತ್ತು. ಗಡ್ಡೆ ಇದ್ದ ಹಾಗೇ ಇದೆ, ಆರು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನಿಂಗ್‌ಗೆ ಬರಹೇಳಿದ್ದಾರೆ. ಒಲೆಯ ಮೇಲೆ ಹುರುಳಿ ಬೇಯುತ್ತಿತ್ತು. ಹೊರಡುವಾಗ ಅತ್ತೆ ನನ್ನ ಕೈಗೆ ಒಂದು ಕಟ್ಟು ನುಗ್ಗೆಸೊಪ್ಪು ಕೊಟ್ಟು, “ನಿಮ್ಮ ಮನೆಯಮ್ಮನಿಗೂ ಮಾಡಿ ಹಾಕಿ ಸ್ವಾಮಿ” ಎಂದರು.