ಮೂಲವ್ಯಾಧಿ: ಚಿಕಿತ್ಸೆಗಳು ಮತ್ತು ಅವುಗಳ ತೊಡಕುಗಳು

(ಸಂಘದ ಆರೋಗ್ಯ ಮಾಹಿತಿ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)



ಆರೋಗ್ಯದ ಕಾರ್ಯಕ್ರಮದಲ್ಲಿ ಭಾಷೆ ಕಲಿಸುವ ಮೇಷ್ಟರಿಗೇನು ಕೆಲಸ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ನಾನು ವೈದ್ಯನಲ್ಲ, ಬಿ.ಇಡ್. ಮಾಡಿ ಉರ್ದು ಮತ್ತು ಕನ್ನಡ ಪಾಠ ಹೇಳುವವನು. ಆದರೆ ಈ ಕಾಯಿಲೆಯಲ್ಲಿ ಅರ್ಧ ತೊಂದರೆ ಬರುವುದು ಬಾಯಿ ಬಿಟ್ಟು ಹೇಳದೆ ಇರುವುದರಿಂದ. ಹೆಸರನ್ನೇ ತಪ್ಪಾಗಿ ಹೇಳುವುದರಿಂದ ಇನ್ನಷ್ಟು. ಆದ್ದರಿಂದ ಹೆಸರಿನಿಂದಲೇ ಶುರುಮಾಡುತ್ತೇನೆ.

ಕನ್ನಡದಲ್ಲಿ ಮೂಲವ್ಯಾಧಿ ಅಥವಾ ಮೊಳೆರೋಗ, ನಮ್ಮ ಮನೆಗಳಲ್ಲಿ ಬವಾಸೀರ್, ಡಾಕ್ಟರ ಬಾಯಲ್ಲಿ ಪೈಲ್ಸ್. ಬವಾಸೀರ್ ಎಂಬುದು ಅರಬ್ಬಿಯ ಬಾಸೂರ್ ಪದದ ಬಹುವಚನ. ಅದರ ಜೊತೆಗೇ ಕೇಳಿಬರುವ ಇನ್ನೊಂದು ಪದ ನಾಸೂರ್, ಕನ್ನಡದಲ್ಲಿ ಭಗಂದರ, ಅಂದರೆ ಫಿಸ್ಟುಲಾ. ಮೂರನೆಯದು ಫಿಶರ್, ಗುದದ್ವಾರದ ಸೀಳು. ನಮ್ಮ ಜನ ಈ ಮೂರಕ್ಕೂ ಪೈಲ್ಸ್ ಎಂದೇ ಹೇಳಿಬಿಡುತ್ತಾರೆ. ಆದರೆ ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ಮಲ ಹೋಗುವಾಗ ಬ್ಲೇಡಿನಿಂದ ಕೊಯ್ದಂತೆ ಉರಿದರೆ ಅದು ಹೆಚ್ಚಾಗಿ ಫಿಶರ್. ಪಕ್ಕದ ಸಣ್ಣ ತೂತಿನಿಂದ ಕೀವು ಬರುತ್ತಿದ್ದರೆ ಭಗಂದರ ಇರಬಹುದು. ಒಳಗಿನ ಮೂಲವ್ಯಾಧಿಯಲ್ಲಿ ಸಾಮಾನ್ಯವಾಗಿ ನೋವೇ ಇರುವುದಿಲ್ಲ, ಕೆಂಪು ರಕ್ತ ಮಾತ್ರ ತೊಟ್ಟಿಕ್ಕುತ್ತದೆ. ಹೊರಗಿನ ಮೊಳೆಯಲ್ಲಿ ರಕ್ತ ಹೆಪ್ಪುಗಟ್ಟಿದರೆ ಇದ್ದಕ್ಕಿದ್ದಂತೆ ವಿಪರೀತ ನೋವು. ಅಂಥವರು ಮೊದಲ 3 ದಿನದೊಳಗೆ ಹೋದರೆ ಆ ಗಂಟನ್ನು ತೆಗೆದು ಬೇಗ ಆರಾಮ ಕೊಡಬಹುದು.

12ನೇ ಶತಮಾನದಲ್ಲಿ ಕೈರೋದಲ್ಲಿದ್ದ ಯಹೂದಿ ವೈದ್ಯ ಮೂಸಾ ಇಬ್ನ್ ಮೈಮೂನ್ ಬವಾಸೀರ್ ಬಗ್ಗೆಯೇ ಅರಬ್ಬಿಯಲ್ಲಿ 7 ಅಧ್ಯಾಯಗಳ ಪುಟ್ಟ ಪುಸ್ತಕ ಬರೆದಿದ್ದರು. ಮೊದಲು ಊಟ ಸರಿಮಾಡಿ, ಮಲಬದ್ಧತೆ ಹೋಗಲಾಡಿಸಿ, ಕತ್ತರಿ ಕೊನೆಗಿರಲಿ ಎಂಬುದು ಅವರ ನಿಲುವು. ಇಂದಿನ ಸರ್ಜನ್ನರೂ ಇದೇ ಕ್ರಮವನ್ನು ಹೇಳುತ್ತಾರೆ.

ಒಳಗಿನ ಮೂಲವ್ಯಾಧಿಗೆ 4 ಹಂತಗಳಿವೆ. ಮೊದಲನೆಯದರಲ್ಲಿ ರಕ್ತ ಮಾತ್ರ. ಎರಡನೆಯದರಲ್ಲಿ ಮೊಳೆ ಹೊರಬಂದು ತಾನಾಗಿಯೇ ಒಳಹೋಗುತ್ತದೆ. ಮೂರನೆಯದರಲ್ಲಿ ಕೈಯಿಂದ ತಳ್ಳಬೇಕು. ನಾಲ್ಕನೆಯದರಲ್ಲಿ ತಳ್ಳಿದರೂ ಹೋಗದು. ಯಾವ ಹಂತವೆಂದು ನೋಡದೆ ಚಿಕಿತ್ಸೆ ಹೇಳುವವರನ್ನು ನಂಬಬೇಡಿ.

ಮೊದಲ ಹಂತದ ಹೆಚ್ಚಿನವರಿಗೆ ನಾರಿನ ಆಹಾರ, ಸಾಕಷ್ಟು ನೀರು, ತಿಣುಕದೆ ಇರುವುದು ಸಾಕಾಗುತ್ತದೆ. ದಿನಕ್ಕೆ 25ರಿಂದ 30 ಗ್ರಾಂ ನಾರು ಬೇಕು. ರಾಗಿ, ಸೊಪ್ಪು, ಕಾಳು, ಸೀಬೆಹಣ್ಣು ನಮ್ಮ ಸಂತೆಯಲ್ಲೇ ಸಿಗುತ್ತವೆ. ವಾರಕ್ಕೆ ನಾಲ್ಕು ದಿನ ಬಿರಿಯಾನಿ ತಿಂದು ಸೊಪ್ಪನ್ನು ಪಕ್ಕಕ್ಕೆ ತಳ್ಳುವ ನಮ್ಮ ಅಭ್ಯಾಸವನ್ನೂ ಇಲ್ಲಿ ಹೇಳಲೇಬೇಕು. ಇಸಬ್ಗೋಲನ್ನು ಧಾರಾಳ ನೀರಿನೊಂದಿಗೆ ಕುಡಿಯಿರಿ, ನೀರು ಕಡಿಮೆಯಾದರೆ ಅದೇ ಕಟ್ಟಿಕೊಳ್ಳುತ್ತದೆ. (ಅದೂ ಫಾರ್ಸಿ ಪದವೇ. ಅಸ್ಪ್ ಎಂದರೆ ಕುದುರೆ, ಗೋಲ್ ಎಂದರೆ ಕಿವಿ.) ಬೆಚ್ಚನೆಯ ನೀರಿನ ಟಬ್ಬಿನಲ್ಲಿ 10-15 ನಿಮಿಷ ಕುಳಿತರೆ ಹಿತವಾಗುತ್ತದೆ. ಔಷಧಿ ಅಂಗಡಿಯ ಮುಲಾಮು ಉರಿ ತಗ್ಗಿಸುತ್ತದೆ, ಮೊಳೆಯನ್ನು ಕರಗಿಸುವುದಿಲ್ಲ. ಸ್ಟಿರಾಯ್ಡ್ ಇರುವ ಮುಲಾಮನ್ನು ವಾರಕ್ಕಿಂತ ಹೆಚ್ಚು ಹಚ್ಚಿದರೆ ಚರ್ಮ ತೆಳುವಾಗುತ್ತದೆ.

ಇದರಿಂದ ನಿಲ್ಲದಿದ್ದರೆ ಎರಡನೇ ಹಂತಕ್ಕೆ, ಕೆಲವೊಮ್ಮೆ ಮೂರನೆಯದಕ್ಕೂ, ರಬ್ಬರ್ ಬ್ಯಾಂಡ್ ಹಾಕುತ್ತಾರೆ. 1960ರ ದಶಕದಿಂದ ಬಳಕೆಯಲ್ಲಿರುವ ಸರಳ ವಿಧಾನ. ಮೊಳೆಯ ಬುಡಕ್ಕೆ ಸಣ್ಣ ಬ್ಯಾಂಡ್ ಬಿಗಿದರೆ ರಕ್ತ ಸಿಗದೆ ಅದು ಒಣಗಿ ಸುಮಾರು ವಾರದಲ್ಲಿ ಬೀಳುತ್ತದೆ. ಬೀಳುವಾಗ ಸ್ವಲ್ಪ ರಕ್ತ ಬರಬಹುದು. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಹೆಚ್ಚಾಗಬಹುದು, ಆದ್ದರಿಂದ ಹೃದಯದ ಔಷಧಿಯ ಚೀಟಿ ತೋರಿಸಲೇಬೇಕು. ಬ್ಯಾಂಡನ್ನು ತೀರಾ ಕೆಳಭಾಗಕ್ಕೆ ಹಾಕಿದರೆ ತಕ್ಷಣ ತೀವ್ರ ನೋವಾಗುತ್ತದೆ. ಅಪರೂಪಕ್ಕೆ ಒಳಗೆ ಸೋಂಕು ಹರಡುತ್ತದೆ. ಹೆಚ್ಚುತ್ತಲೇ ಹೋಗುವ ನೋವು, ಜ್ವರ, ಮೂತ್ರ ಕಟ್ಟುವುದು ಅದರ ಗುರುತು. ಇವು ಕಂಡರೆ ಬೆಳಗಾಗಲಿ ಎಂದು ಕಾಯದೆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು.

ಇಂಜೆಕ್ಷನ್ ವಿಧಾನದಲ್ಲಿ ಎಣ್ಣೆಯಲ್ಲಿ ಬೆರೆಸಿದ 5% ಫೀನಾಲನ್ನು ಮೊಳೆಯ ಬುಡಕ್ಕೆ ಕೊಡುವುದು ಹಳೆಯ ರೂಢಿ. ಜಾಗ ತಪ್ಪಿದರೆ ಹುಣ್ಣಾಗುತ್ತದೆ, ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿಗೂ ತೊಂದರೆ ಬರುತ್ತದೆ.

ಮೂರು ಮತ್ತು ನಾಲ್ಕನೇ ಹಂತಕ್ಕೆ ಶಸ್ತ್ರಚಿಕಿತ್ಸೆ. ಮೊಳೆಯನ್ನು ಕತ್ತರಿಸಿ ತೆಗೆಯುವ ಮಿಲಿಗನ್ ಮತ್ತು ಮಾರ್ಗನ್ ವಿಧಾನ 1937ರಲ್ಲಿ ಲಂಡನ್ನಿನಿಂದ ಬಂದದ್ದು. ಮರುಕಳಿಸುವುದು ಇದರಲ್ಲೇ ಕಡಿಮೆ, ನೋವು ಇದರಲ್ಲೇ ಹೆಚ್ಚು. ಮೊದಲ ದಿನ ಮೂತ್ರ ಕಟ್ಟಬಹುದು. ವಾರದ ನಂತರ, ಎಲ್ಲ ಸರಿಹೋಯಿತು ಎನ್ನುವ ಹೊತ್ತಿಗೆ, ಮತ್ತೆ ರಕ್ತ ಬರಬಹುದು. ಅಪರೂಪವಾಗಿ ದ್ವಾರ ಕಿರಿದಾಗುತ್ತದೆ ಇಲ್ಲವೇ ಮಲದ ಹಿಡಿತ ಸಡಿಲವಾಗುತ್ತದೆ. ಇಟಲಿಯ ಡಾ. ಲೊಂಗೊ 1990ರ ದಶಕದಲ್ಲಿ ತಂದ ಸ್ಟೇಪ್ಲರ್ ವಿಧಾನದಲ್ಲಿ ನೋವು ಕಡಿಮೆ. ಆದರೆ ಮರುಕಳಿಸುವ ಸಾಧ್ಯತೆ ಹೆಚ್ಚು, ಬಲು ಅಪರೂಪಕ್ಕೆ ಕರುಳಿಗೇ ಗಾಯವಾಗುತ್ತದೆ. ಲೇಸರ್ ಕುರಿತ ಜಾಹೀರಾತು ಈಗ ಎಲ್ಲೆಲ್ಲೂ ಇದೆ. ನೋವು ಕಡಿಮೆ, ಬೇಗ ಕೆಲಸಕ್ಕೆ ಹೋಗಬಹುದು, ಅದು ನಿಜ. ಆದರೆ ಕತ್ತರಿಸಿ ತೆಗೆದಾಗಿಗಿಂತ ಮತ್ತೆ ಬರುವುದು ಹೆಚ್ಚು. ಇದನ್ನು ಜಾಹೀರಾತಿನಲ್ಲಿ ಬರೆಯುವುದಿಲ್ಲ.

ಬಸ್ ನಿಲ್ದಾಣದ ಗೋಡೆಯ ಮೇಲೆ "ಆಪರೇಷನ್ ಇಲ್ಲದೆ ಒಂದೇ ದಿನದಲ್ಲಿ ಗುಣ" ಎಂದು ಬರೆಸುವವರ ವಿಷಯಕ್ಕೆ ಬರುತ್ತೇನೆ. ಇವರಲ್ಲಿ ಅನೇಕರಿಗೆ ಪದವಿಯೇ ಇರುವುದಿಲ್ಲ. ಸುಡುವ ದ್ರಾವಣ ಚುಚ್ಚಿಸಿಕೊಂಡು ಮಾಂಸ ಕೊಳೆತವರು, ದ್ವಾರ ಕಿರಿದಾಗಿ ಆಮೇಲೆ ದೊಡ್ಡಾಸ್ಪತ್ರೆ ಸೇರಿದವರು ಇದ್ದಾರೆ. ನಮ್ಮ ಬೀದಿಯ ಒಬ್ಬ ಹಿರಿಯ ದರ್ಜಿಯವರು ಇಂಥ ಒಂದು ಕಡೆ ಎಂಟು ತಿಂಗಳು ಪುಡಿ, ಇಂಜೆಕ್ಷನ್ ತೆಗೆದುಕೊಂಡರು. ಅಲ್ಲಿ ಒಮ್ಮೆಯೂ ಬೆರಳು ಹಾಕಿ ಪರೀಕ್ಷಿಸಲಿಲ್ಲ. ತೂಕ ಇಳಿಯತೊಡಗಿದಾಗ ಮಗ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದ. ಇದ್ದದ್ದು ಮೂಲವ್ಯಾಧಿಯಲ್ಲ, ಗುದನಾಳದ ಕ್ಯಾನ್ಸರ್. ಎಂಟು ತಿಂಗಳ ಹಿಂದೆ ಬಂದಿದ್ದರೆ ಚೆನ್ನಾಗಿತ್ತು ಎಂದರಂತೆ ಡಾಕ್ಟರು. ಮಲದ ಅಭ್ಯಾಸ ಬದಲಾದರೆ, ತೂಕ ಇಳಿದರೆ, ರಕ್ತ ಮಲದೊಂದಿಗೆ ಬೆರೆತು ಕಪ್ಪಗೆ ಬಂದರೆ, ನಲವತ್ತು ದಾಟಿದವರಿಗೆ ಮೊದಲ ಬಾರಿ ರಕ್ತ ಕಂಡರೆ ತಪ್ಪದೆ ಪರೀಕ್ಷೆ ಮಾಡಿಸಬೇಕು. ಬೇಕಾದರೆ ಕೊಲೊನೋಸ್ಕೋಪಿಯನ್ನೂ.

ನಮ್ಮ ಹೆಣ್ಣುಮಕ್ಕಳ ಕಥೆ ಇನ್ನೊಂದು. ಗರ್ಭಿಣಿಯರಿಗೆ ಮೂಲವ್ಯಾಧಿ ಸಾಮಾನ್ಯ, ಹೆರಿಗೆಯ ನಂತರ ಬಹಳ ಜನರಿಗೆ ತಾನೇ ಇಳಿಯುತ್ತದೆ. ಆದರೆ ವರ್ಷಗಟ್ಟಲೆ ರಕ್ತ ಹೋಗುತ್ತಿದ್ದರೂ ಮನೆಯಲ್ಲಿ ಹೇಳದೆ, ಸುಸ್ತು ಎಂದು ಟಾನಿಕ್ ಕುಡಿಯುವ ಅಮ್ಮಂದಿರಿದ್ದಾರೆ. ಲೇಡಿ ಡಾಕ್ಟರ್ ಬೇಕೆಂದು ಕೇಳುವುದು ಅವರ ಹಕ್ಕು. ಸಿಗದಿದ್ದರೆ ನರ್ಸ್ ಜೊತೆಗಿದ್ದು ಪರೀಕ್ಷೆ ಮಾಡಿಸಬಹುದು. ಇನ್ನು ಶಾಲೆಗಳಲ್ಲಿ, ಶೌಚಾಲಯಕ್ಕೆ ಚಿಲಕವಿಲ್ಲ, ನೀರಿಲ್ಲ ಎಂದು ಬೆಳಗಿನಿಂದ ನೀರೇ ಕುಡಿಯದ ಹುಡುಗಿಯರನ್ನು ನಾನು ದಿನವೂ ನೋಡುತ್ತೇನೆ. ಮಲಬದ್ಧತೆ ಶುರುವಾಗುವುದು ಅಲ್ಲೇ. ಅವರಿಗೆ ನಾರಿನ ಉಪದೇಶ ಮಾಡುವ ಮೊದಲು ಚಿಲಕ ಹಾಕಿಸಿಕೊಡಿ ಎಂದು ಪದಾಧಿಕಾರಿಗಳಲ್ಲಿ ವಿನಂತಿ.

ಈಗ ಚೀಟಿಗಳನ್ನು ಹಂಚುತ್ತಾರೆ. ಕನ್ನಡದಲ್ಲಾಗಲಿ ಉರ್ದುವಿನಲ್ಲಾಗಲಿ ಪ್ರಶ್ನೆ ಬರೆಯಿರಿ, ಹೆಸರು ಬೇಡ. ವೇದಿಕೆಯ ಮೇಲಿರುವ ಡಾಕ್ಟರ್ ಮೇಡಂ ಉತ್ತರ ಹೇಳುತ್ತಾರೆ. ನಾನು ಓದಿ ಹೇಳುವ ಕೆಲಸ ಮಾತ್ರ ಮಾಡುತ್ತೇನೆ.